1080ಪಿ ವಿಡಿಯೊ ಅಪ್‌ಲೋಡ್ ಆದಮೇಲೆ ಮಂಕಾಗುವುದೇಕೆ?

ಮುಗಿಲು:
ಫೋನಿನಲ್ಲಿ ಸ್ವಚ್ಛವಾಗಿರುವ ವಿಡಿಯೊ ತಾಣಕ್ಕೆ ಹಾಕಿದ ಮೇಲೆ ಮಂಕು. ಎಲೆ, ಮಳೆ, ನೀರು ಇರುವ ಕಡೆಯಂತೂ ಬರೀ ಚೌಕ ಚೌಕ. ಫೈಲು 1080ಪಿ, ಸೆಕೆಂಡಿಗೆ 30 ಫ್ರೇಮ್, ಬಿಟ್‌ರೇಟ್ (ಒಂದು ಸೆಕೆಂಡಿನ ವಿಡಿಯೊಗೆ ಬಳಸುವ ಡೇಟಾ) 3 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 3 ಮೆಗಾಬಿಟ್. ಏನು ಬದಲಿಸಬೇಕು?

ಕತ್ತರಿಗಾರ:
3 ಎಂಬಿಪಿಎಸ್ ಸಾಲದು. ದೊಡ್ಡ ತಾಣಗಳು ನೀವು ಕೊಟ್ಟ ಫೈಲನ್ನು ಹಾಗೇ ತೋರಿಸುವುದಿಲ್ಲ, ಬೇರೆ ಬೇರೆ ಅಳತೆಗೆ ಮತ್ತೆ ಎನ್‌ಕೋಡ್ ಮಾಡುತ್ತವೆ, ಅಂದರೆ ಡೇಟಾ ಕಡಿಮೆಯಾಗುವಂತೆ ಹಿಂಡುತ್ತವೆ. ಒಮ್ಮೆ ಹಿಂಡಿದ್ದನ್ನೇ ಅಲ್ಲಿ ಇನ್ನೊಮ್ಮೆ ಹಿಂಡಿದಾಗ ಮೊದಲು ಸಾಯುವುದು ಎಲೆ, ಮಳೆ. ಅವು ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತವೆ, ಇರುವ ಬಿಟ್ ಸಾಲುವುದಿಲ್ಲ. ಗೋಡೆ ಮುಂದೆ ಕೂತು ಮಾತಾಡುವ ವಿಡಿಯೊಗಾದರೆ ಅದೇ 3 ನಡೆದೀತು.

ಯೂಟ್ಯೂಬ್ ಸೂಚಿಸುವುದು 1080ಪಿಗೆ 30 ಫ್ರೇಮಿದ್ದರೆ 8 ಎಂಬಿಪಿಎಸ್, 60 ಇದ್ದರೆ 12. 4ಕೆಗೆ 30 ಫ್ರೇಮಿನಲ್ಲಿ 35ರಿಂದ 45. ಕ್ಯಾಮೆರಾದ ಮೂಲ ಫೈಲಿದ್ದರೆ ಅದನ್ನೇ ಹಾಕಿ. ಎಡಿಟ್ ಮಾಡಿದ್ದನ್ನು ಹ್ಯಾಂಡ್‌ಬ್ರೇಕ್‌ನಲ್ಲಿ (ವಿಡಿಯೊ ಪರಿವರ್ತಿಸುವ ಉಚಿತ ತಂತ್ರಾಂಶ) ಹಾಯಿಸುವುದಾದರೆ ಕೋಡೆಕ್ (ಹಿಂಡುವ ವಿಧಾನ) ಎಚ್.264, ಗುಣಮಟ್ಟದ ಅಂಕ ಆರ್‌ಎಫ್ 18 (ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು), ಧ್ವನಿ ಎಎಸಿ ಮಾದರಿಯಲ್ಲಿ 48 ಕಿಲೋಹರ್ಟ್ಸ್. ಈಗಿರುವ 3ರ ಫೈಲನ್ನೇ 12ಕ್ಕೆ ಏರಿಸಿದರೆ ಗಾತ್ರ ಬೆಳೆಯುತ್ತದೆ ಅಷ್ಟೆ, ಹೋದ ವಿವರ ಬರದು.

ನಿಶಾಚರ:
ಅಪ್‌ಲೋಡ್ ಮುಗಿದ ಕೂಡಲೇ ನೋಡಿ ತೀರ್ಮಾನಿಸಬೇಡಿ. ಯೂಟ್ಯೂಬ್ ಮೊದಲು ಕಡಿಮೆ ಗುಣಮಟ್ಟದ್ದನ್ನು ಸಿದ್ಧಮಾಡುತ್ತದೆ, ಎಚ್‌ಡಿ, 4ಕೆ ಆಮೇಲೆ. 'ಅನ್‌ಲಿಸ್ಟೆಡ್' ಆಗಿಟ್ಟು, ಎಚ್‌ಡಿ ಬಂದ ಮೇಲೆ ಪಬ್ಲಿಕ್ ಮಾಡಿ.

ಕಂಪ್ಯೂಟರಿನಲ್ಲಿ ಪ್ಲೇಯರ್ ಮೇಲೆ ಬಲ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆದರೆ ಕೋಡೆಕ್ ಕಾಣುತ್ತದೆ. ಎವಿಸಿ1 ಎಂದಿದ್ದರೆ ಹಳೆಯ ಎಚ್.264. 1440ಪಿ ಮತ್ತು ಅದಕ್ಕಿಂತ ಮೇಲಿನವು ವಿಪಿ9 ಅಥವಾ ಎವಿ1 ಎಂಬ ಹೊಸ ಕೋಡೆಕ್‌ಗಳಲ್ಲಿ ಬರುತ್ತವೆ, ಬಿಟ್ಟೂ ಹೆಚ್ಚು. ಹಾಗಾಗಿಯೇ ಕೆಲವರು 1080ಪಿಯನ್ನು 1440ಪಿಗೆ ಹಿಗ್ಗಿಸಿ ಹಾಕುವುದು. ಅಡ್ಡದಾರಿಯೇ, ಆದರೆ ಮಳೆ-ಎಲೆಯ ದೃಶ್ಯಕ್ಕೆ ಕೆಲಸಕ್ಕೆ ಬರುತ್ತದೆ. ನೋಡುವವರು 1440ಪಿ ಆರಿಸಿಕೊಂಡರೆ ಮಾತ್ರ ಪೂರ್ತಿ ಲಾಭ.

ಮುಗಿಲು:
ಸರಿ. ಇನ್ನೊಂದು: ಸ್ಕ್ರೀನ್ ರೆಕಾರ್ಡಿಂಗ್ ಎಡಿಟ್ ಮಾಡುವಾಗ ಶುರುವಿನಲ್ಲಿ ಸರಿಯಿರುವ ಧ್ವನಿ, ಕೊನೆಕೊನೆಗೆ ಹಿಂದೆ ಬೀಳುತ್ತದೆ. ಕೆಲವು ಕ್ಲಿಪ್‌ಗಳು ವಾಟ್ಸ್‌ಆ್ಯಪ್‌ನಲ್ಲಿ ಬಂದವು.

ಕತ್ತರಿಗಾರ:
ಫೋನಿನ ಸ್ಕ್ರೀನ್ ರೆಕಾರ್ಡರುಗಳು ಸಾಮಾನ್ಯವಾಗಿ ಫ್ರೇಮ್‌ರೇಟನ್ನು ಏರಿಳಿಸುತ್ತಲೇ ಇರುತ್ತವೆ. ಎಡಿಟರ್ ಅದನ್ನು ಒಂದೇ ವೇಗವೆಂದು ಎಣಿಸಿದರೆ ಧ್ವನಿ ಜಾರುತ್ತಾ ಹೋಗುತ್ತದೆ. ಎಡಿಟಿಗೆ ಮುಂಚೆಯೇ ಹ್ಯಾಂಡ್‌ಬ್ರೇಕ್‌ನಲ್ಲಿ ಫ್ರೇಮ್‌ರೇಟ್ 30, ಕೆಳಗೆ 'ಕಾನ್‌ಸ್ಟಂಟ್' ಆರಿಸಿ ಪರಿವರ್ತಿಸಿ. ಎಡಿಟ್ ಆದಮೇಲೆ ಮಾಡಿದರೆ ಪ್ರಯೋಜನವಿಲ್ಲ.

ವಾಟ್ಸ್‌ಆ್ಯಪ್ ಕ್ಲಿಪ್‌ಗಳನ್ನು 'ಡಾಕ್ಯುಮೆಂಟ್' ಆಗಿ ಮತ್ತೆ ಕಳಿಸಲು ಹೇಳಿ, ಆಗ ಹಿಂಡದೆ ಬರುತ್ತವೆ. ಫೋಟೊ ಹೀಗೆ ತರಿಸಿಕೊಂಡರೆ ತೆಗೆದ ಜಾಗದ ಜಿಪಿಎಸ್ ಗುರುತೂ ಫೈಲಿನೊಳಗೇ ಉಳಿದಿರಬಹುದು. ಹೊರಗೆ ಹಾಕುವ ಮೊದಲು ಗ್ಯಾಲರಿಯ 'ಡೀಟೇಲ್ಸ್' ತೆರೆದು ಲೊಕೇಶನ್ ಅಳಿಸಿ.