ನೋವಿನ ಪಟ್ಟಿಗೆ ಪದಗಳು ಬೇಕು: ‘ಸಹಿಸಲಾಗದ ನೋವು’ ಬದಲು ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕ್ಯಾನ್ಸರ್ ರೋಗಿಗಳನ್ನು ಅವರ ಮನೆಗೇ ಹೋಗಿ ನೋಡಿಕೊಳ್ಳುವ ತಂಡವೊಂದಕ್ಕೆ ನೋವು ಅಳೆಯುವ ಪಟ್ಟಿಯನ್ನು ಕನ್ನಡದಲ್ಲಿ ತಿದ್ದಿಕೊಡುತ್ತಿದ್ದೇನೆ. 0 ಅಂದರೆ ನೋವೇ ಇಲ್ಲ, 10 ಅಂದರೆ ಇದಕ್ಕಿಂತ ಜಾಸ್ತಿ ಇರಲಾರದು ಎನ್ನುವಂಥ ನೋವು. ಈಗ ಕೈಯಲ್ಲಿರುವ ಪಟ್ಟಿಯಲ್ಲಿ ಅಂಕಿಗಳ ಕೆಳಗೆ ‘ಸಹಿಸಬಹುದಾದ ನೋವು’, ‘ಸಹಿಸಲು ಕಷ್ಟವಾದ ನೋವು’, ‘ಸಹಿಸಲಾಗದ ನೋವು’ ಎಂದಿದೆ.

ನನ್ನ ತಕರಾರು ಈ ‘ಸಹಿಸು’ ಮೇಲೆ. ಆ ಮಾತು ಬಂದ ಕೂಡಲೇ ಪ್ರಶ್ನೆ ನೋವಿನದಲ್ಲ, ನೋವು ತಿನ್ನುವವರ ಗಟ್ಟಿತನದ್ದಾಗುತ್ತದೆ. ‘ತಡ್ಕೊಳ್ಳೋಕೆ ಆಗುತ್ತಾ ಅಮ್ಮಾ?’ ಎಂದರೆ ‘ಆಗುತ್ತೆ ಬಿಡಪ್ಪ’ ಅಂತಾರೆ. ಮಗ, ಸೊಸೆ ಪಕ್ಕದಲ್ಲೇ ನಿಂತಿದ್ದರಂತೂ ಬೇರೆ ಉತ್ತರ ಬರುವುದೇ ಇಲ್ಲ. ಅದೇ ಅಮ್ಮನನ್ನು ‘ರಾತ್ರಿ ನೋವಿಗೆ ಎಚ್ಚರ ಆಯ್ತಾ? ಮಗ್ಗಲು ಬದಲಿಸೋಕೆ ಆಯ್ತಾ? ಕೂತ್ಕೊಂಡು ಊಟ ಮಾಡಿದ್ರಾ?’ ಎಂದು ಕೇಳಿದರೆ ನಿಜ ಹೊರಗೆ ಬರುತ್ತದೆ. ಹಾಗಾಗಿ ಅಂಕಿಗಳ ಕೆಳಗೆ ‘ಇದೆ, ಆದರೆ ಮರೆತು ಕೆಲಸ ಮಾಡಬಹುದು’, ‘ಕೆಲಸ ಬಿಡಿಸುತ್ತದೆ’, ‘ನಿದ್ದೆ ಕೊಡುವುದಿಲ್ಲ’, ‘ಮಾತಾಡಲೂ ಬಿಡುವುದಿಲ್ಲ’ ಎಂದು ಹಾಕೋಣ ಅಂತಿದ್ದೇನೆ. ಇಲ್ಲಿ ಏನು ಮಾಡುವುದಿದ್ದರೂ ಅದನ್ನು ನೋವೇ ಮಾಡುತ್ತದೆ, ರೋಗಿ ಸೋತ ಹಾಗೆ ಕೇಳುವುದಿಲ್ಲ. ಇದಕ್ಕಿಂತ ಚೆನ್ನಾದ ಮಾತು ಹೊಳೆದರೆ ದಯವಿಟ್ಟು ಹೇಳಿ.

ಎರಡನೆಯದು ನೋವಿನ ಬಗೆ. ನನಗೆ ಹೆಚ್ಚು ನೆರವು ಬೇಕಿರುವುದು ಇಲ್ಲೇ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ನೋವನ್ನು ಬಣ್ಣಿಸುವ 78 ಇಂಗ್ಲಿಷ್ ಪದಗಳು 20 ಗುಂಪುಗಳಲ್ಲಿವೆ. ನಮಗೇನು ಪದಗಳಿಗೆ ಬರವೇ? ಉರಿ, ಸೆಳೆತ, ಛಳುಕು, ಹಿಂಡಿದ ಹಾಗೆ, ಕಿವುಚಿದ ಹಾಗೆ, ಕರೆಂಟ್ ಹೊಡೆದ ಹಾಗೆ, ಸೂಜಿ ಚುಚ್ಚಿದ ಹಾಗೆ, ಜೋಮು. ಯಾವ ಪದ ಬಂತು ಎನ್ನುವುದರಿಂದ ಡಾಕ್ಟರಿಗೆ ದಾರಿ ಸಿಗುತ್ತದೆ. ಉರಿ, ಕರೆಂಟ್, ಜೋಮು ಎಂದರೆ ನರಕ್ಕೆ ಪೆಟ್ಟಾಗಿರಬಹುದು. ಅಂಥ ನೋವಿಗೆ ಮಾಮೂಲಿ ನೋವಿನ ಮಾತ್ರೆಗಳು ಅಷ್ಟಾಗಿ ನಾಟುವುದಿಲ್ಲ. ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್ ಥರದವನ್ನು ಕೊಡುತ್ತಾರೆ. ಹೊಟ್ಟೆ ಹಿಂಡಿ ಬಿಟ್ಟು, ಮತ್ತೆ ಹಿಂಡುತ್ತಿದ್ದರೆ ಕರುಳಿನ ಕಡೆ ನೋಡಬೇಕು. ನರ್ಸ್ ಬರೀ ‘ನೋವು’ ಎಂದು ಬರೆದುಕೊಂಡರೆ ಈ ಸುಳಿವೆಲ್ಲ ಅಲ್ಲೇ ಕಳೆದುಹೋಗುತ್ತದೆ.

ಊರಿಂದ ಊರಿಗೆ ಅರ್ಥ ಬದಲಾಗುವ ತೊಂದರೆ ಬೇರೆ ಇದೆ. ಮಾರ್ಫಿನ್ ಎಂಬ ಬಲವಾದ ನೋವಿನ ಔಷಧಿ ತೆಗೆದುಕೊಳ್ಳುತ್ತಿದ್ದ ಧಾರವಾಡ ಕಡೆಯ ಅಜ್ಜ ಒಬ್ಬರು ‘ಹೊಟ್ಟಿ ಕಡಿಯಾಕತ್ತೇತ್ರಿ’ ಅಂದರು. ನೋಡಲು ಹೋಗಿದ್ದ ಮೈಸೂರು ಕಡೆಯ ನರ್ಸ್ ಹುಡುಗಿ ‘ಹೊಟ್ಟೆ ಮೇಲೆ ತುರಿಕೆ’ ಎಂದು ಬರೆದುಕೊಂಡಳು. ಅವಳ ಊರಲ್ಲಿ ಕಡಿತ ಅಂದರೆ ನವೆ ತಾನೆ? ಮಾರ್ಫಿನ್‌ನಿಂದ ಕೆಲವರಿಗೆ ತುರಿಕೆ ಬರುವುದೂ ಉಂಟು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಅಜ್ಜ ಹೇಳಿದ್ದು ಹೊಟ್ಟೆನೋವನ್ನು. ಮಾರ್ಫಿನ್ ಮಲಬದ್ಧತೆ ತರುತ್ತದೆ, ಅದಕ್ಕೇ ಜೊತೆಗೆ ಭೇದಿ ಮಾಡಿಸುವ ಔಷಧಿ ಕೊಡುವುದು ರೂಢಿ. ಅವರಿಗೆ ಹೊಟ್ಟೆ ಕಟ್ಟಿಕೊಂಡಿತ್ತು. ‘ಬೇನೆ’ಯದೂ ಇದೇ ಕಥೆ. ದಕ್ಷಿಣದಲ್ಲಿ ಬೇನೆ ಅಂದರೆ ಬಹಳ ಮಂದಿಗೆ ಹೆರಿಗೆ ಬೇನೆ, ಉತ್ತರದಲ್ಲಿ ‘ಸಕ್ರಿ ಬ್ಯಾನಿ’ ಎಂದು ರೋಗಕ್ಕೂ ಅದೇ ಪದ. ‘ಬ್ಯಾನಿ ಎಷ್ಟೈತ್ರಿ?’ ಎಂದು ಕೇಳಿದರೆ ಉತ್ತರ ನೋವಿನದ್ದೋ ರೋಗದ್ದೋ ಎಂದು ಮತ್ತೊಮ್ಮೆ ಕೇಳಲೇಬೇಕು.

ಮೂರನೆಯದು ಒಂದೇ ಒಂದು ಪದ. ಬಾಯಲ್ಲಿ ಕೊಡುವ ಸಾಮಾನ್ಯ ಮಾರ್ಫಿನ್ ಮಾತ್ರೆಯನ್ನು ನೋವು ಬರಲಿ ಎಂದು ಕಾಯದೆ 4 ಗಂಟೆಗೊಮ್ಮೆ ಕೊಡುತ್ತಾರೆ. ಹಾಗೆ ಕೊಡುತ್ತಿದ್ದರೂ ನಡುವೆ ಒಮ್ಮೆಲೇ ನೋವು ಏಳುವುದುಂಟು, ಅದಕ್ಕೆ ಬೇರೆ ಡೋಸ್ ಇರುತ್ತದೆ. ಈ ‘ಬ್ರೇಕ್‌ಥ್ರೂ ಪೇನ್’ಗೆ ಯಾರೋ ‘ಮರುಕಳಿಸಿದ ನೋವು’ ಎಂದು ಹಾಕಿದ್ದಾರೆ. ಓದಿದ ಮನೆಯವರು ಕಾಯಿಲೆಯೇ ಮರುಕಳಿಸಿತು ಎಂದು ಹೆದರುತ್ತಾರೆ, ಅಲ್ವಾ? ‘ನಡುವೆ ಎದ್ದ ನೋವು’ ಅಥವಾ ‘ಮಾತ್ರೆ ಮೀರಿ ಬಂದ ನೋವು’, ಇವೆರಡರಲ್ಲಿ ಯಾವುದು ಲೇಸು? ನನಗೆ ಮೊದಲನೆಯದೇ ಇಷ್ಟ. ಎರಡನೆಯದನ್ನು ಓದಿ ಮಾತ್ರೆ ಕೆಲಸ ಮಾಡುತ್ತಿಲ್ಲ ಅಂದುಕೊಂಡು ನಿಲ್ಲಿಸಿಬಿಟ್ಟಾರು ಎಂಬ ಅಳುಕು.

ಬೀದರ್, ಕುಂದಾಪುರ, ಚಾಮರಾಜನಗರ, ಕೊಡಗು ಕಡೆಯವರಿಂದ ವಿಶೇಷವಾಗಿ ಕೇಳಬೇಕಿದೆ. ನಿಮ್ಮ ಮನೆಯ ಹಿರಿಯರು ಮೂಳೆಯೊಳಗಿನ ನೋವಿಗೆ, ಪಾದದ ಉರಿಗೆ, ಹೊಟ್ಟೆ ಹಿಂಡುವುದಕ್ಕೆ ಏನಂತಾರೆ? ಪದ ಮಾತ್ರ ಸಾಲದು, ಅವರು ಆಡುವ ಪೂರ್ತಿ ವಾಕ್ಯವನ್ನು ಹಾಗೇ ಬರೆದು ಕಳಿಸಿ. ಊರಿನ ಹೆಸರೂ ಇರಲಿ.