ತಗಟೆ ಸೊಪ್ಪು ಸರಿ, ಬೀಜ ತಿನ್ನಬಹುದಾ?

ಕರಾವಳಿ ಅಡುಗೆ: ತುಳುನಾಡಿನ ಮಳೆಗಾಲದ ತಿಂಗಳು ಆಟಿ ಬಂತು, ತಾನೇ ಹುಟ್ಟುವ ತಗಟೆ ಗಿಡ ಗುಡ್ಡೆ ತುಂಬ ಎದ್ದಿದೆ. ಚಿಗುರು ಹೆಚ್ಚಿ, ಹಲಸಿನ ಬೀಜ ಜಜ್ಜಿ ಹಾಕಿ, ಕಾಯಿತುರಿ ಉದುರಿಸಿದರೆ ಪಲ್ಯ. ಮುಂದೆ ಕಾಯಿ ಬಲಿತಾಗ ಬೀಜ ಹುರಿದು ಪುಡಿ ಮಾಡಿದರೆ ಕಾಫಿ. ಬಿಟ್ಟಿ ಸಿಗುವಾಗ ಪಾಲಕಿಗೆ ಯಾಕೆ ದುಡ್ಡು?

ತೋಟದಮನೆ: ಕಾಫಿ ಅನ್ನಬೇಡಿ. ಅದರಲ್ಲಿ ಕೆಫೀನ್ ಇಲ್ಲ.

ಮಕ್ಕಳ ಆರೋಗ್ಯ: ಕೆಫೀನ್ ಹಾಳಾಗಲಿ. ಉತ್ತರ ಪ್ರದೇಶದ ಬಿಜ್ನೋರ್ ಕಡೆ ಇದೇ ಜಾತಿಯ ಬೀಜ ತಿಂದು ಮಕ್ಕಳು ಸತ್ತಿದ್ದಾರೆ. 2007ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ.

ಬೇಲಿಗಿಡ: ‘ಇದೇ ಜಾತಿ’ ಅಂದರೆ? ಅದು ಕಾಸಮರ್ದ, ಬೇರೆ ಗಿಡ. ಅದರ ಎಲೆತುದಿ ಚೂಪು. ತಗಟೆಯದು ದುಂಡಗೆ, ಕಡ್ಡಿಗೆ ಮೂರೇ ಜೋಡಿ ಎಲೆ. ಕಾಯಿ ತೆಳ್ಳಗೆ, ಉದ್ದ, ಕುಡುಗೋಲಿನ ಹಾಗೆ ಬಾಗಿರುತ್ತದೆ. ಸುಮ್ನೆ ಹೆದರಿಸಬೇಡಿ.

ಮಕ್ಕಳ ಆರೋಗ್ಯ: ಬೇಲಿ ಹತ್ತಿರ ಆಡುವ ಮಗು ತುದಿ ದುಂಡಗಿದೆಯಾ ಅಂತ ನೋಡುತ್ತದಾ? ಯಾವುದೋ ಕಾಯಿ ಬಿಡಿಸಿ ಬಾಯಿಗೆ ಹಾಕುತ್ತದೆ. ಲಿವರ್, ಮೆದುಳು, ಸ್ನಾಯು ಮೂರಕ್ಕೂ ಪೆಟ್ಟು. ಇದಾ ಹೆದರಿಸುವುದು?

ಬೇಲಿಗಿಡ: ಮಗುವಿನ ಮಾತು ಎತ್ತಿದ್ದು ನೀವು. ಇಲ್ಲಿ ನಡೀತಿರೋದು ದೊಡ್ಡವರ ಅಡುಗೆ. ಚೀನಾದಲ್ಲಿ ಈ ಬೀಜ ಹುರಿದು ಚಹಾ ಮಾಡುತ್ತಾರೆ. ಯುರೋಪಿನಲ್ಲಿ ಇದರ ಗೋಂದನ್ನು ನಾಯಿ, ಬೆಕ್ಕಿನ ಡಬ್ಬಿ ಆಹಾರಕ್ಕೇ ಹಾಕುತ್ತಾರೆ!

ಮಕ್ಕಳ ಆರೋಗ್ಯ: ಗೋಂದು ಶುದ್ಧ ಮಾಡಿದ್ದು ಸ್ವಾಮಿ. ಅದರಲ್ಲಿ ಆಂಥ್ರಾಕ್ವಿನೋನ್ ಕೆಜಿಗೆ 0.5 ಮಿ.ಗ್ರಾಂ ದಾಟಬಾರದು ಅಂತ ಮಿತಿ ಇದೆ. ಭೇದಿ ತರಿಸುವ ವಸ್ತು ಅದು. ನಿಮ್ಮ ಬಾಣಲೆಯಲ್ಲಿ ಅಳೆದವರು ಯಾರು?

ಬೇಲಿಗಿಡ: ಭೇದಿ ಅಂತೀರಿ, ಸಾವು ಅಂತೀರಿ. ಒಂದು ಕಡೆ ನಿಲ್ಲಿ. ಓದಿದವರು ಹೀಗೆ ಗಿಡ ಗಿಡ ಕಲಸಿದರೆ ಊರಿನವರು ಒಳ್ಳೆ ಸೊಪ್ಪನ್ನೂ ಕಿತ್ತು ಬಿಸಾಡುತ್ತಾರೆ.

ಕುಮಟಾ ಅಕ್ಕ: ನಮ್ಮ ಕೊಂಕಣಿ ಮನೆಗಳಲ್ಲಿ ತೈಕಿಳೊ (ತಗಟೆ) ಪಲ್ಯ ಇಲ್ಲದ ಮಳೆಗಾಲವೇ ಇಲ್ಲ. ಯಾರಿಗೂ ಏನೂ ಆಗಿಲ್ಲ. ಹೂ ಬಿಡುವ ಮೊದಲೇ ಕೊಯ್ಯಬೇಕು, ಬಲಿತರೆ ಕಹಿ ಜಾಸ್ತಿ.

ಮಕ್ಕಳ ಆರೋಗ್ಯ: ಅಕ್ಕಾ, ‘ಏನೂ ಆಗಿಲ್ಲ’ ಅನ್ನುವುದು ಪುರಾವೆ ಅಲ್ಲ. ಸೊಪ್ಪಿಗೆ ನನ್ನ ತಕರಾರಿಲ್ಲ. ಬೀಜದ ಸಾಲು ತೆಗೆಯಿರಿ.

ಕರಾವಳಿ ಅಡುಗೆ: ತೆಗೆಯಲ್ಲ. ಕಾಸಮರ್ದದ ಫೋಟೋ ಬೇಕಾದರೆ ಪಕ್ಕದಲ್ಲಿ ಹಾಕುತ್ತೇನೆ.

ತೋಟದಮನೆ: ಕಾಫಿ ಅನ್ನುವುದನ್ನಾದರೂ ತೆಗೆಯಿರಿ.