ವಾಕ್-ಶ್ರವಣ ನರವಿಜ್ಞಾನದ ಪ್ರಯೋಗಾಲಯದಲ್ಲಿ ಎಂಜಿನಿಯರಿಗೆ ಏನು ಕೆಲಸ?

ಮಂಡ್ಯದ ಶಿಕ್ಷಕ (ಪ್ರಶ್ನೆ):
ನಾನು ಮಂಡ್ಯ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮುಗಿಸಿರುವ ನನ್ನ ಮಗಳು ಬೆಂಗಳೂರಿನ ಸಾಫ್ಟ್‌ವೇರ್ ಕೆಲಸವನ್ನು ಬಿಟ್ಟು, ಮೈಸೂರಿನಲ್ಲಿ ವಾಕ್ ಮತ್ತು ಶ್ರವಣ ನರವಿಜ್ಞಾನದ ಪ್ರಯೋಗಾಲಯವೊಂದಕ್ಕೆ ಪ್ರಾಜೆಕ್ಟ್ ಸಹಾಯಕಿಯಾಗಿ ಸೇರಲು ಮನಸ್ಸು ಮಾಡಿದ್ದಾಳೆ. ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ನನ್ನ ಶಾಲೆಯ ಇಬ್ಬರು ಮಕ್ಕಳನ್ನು ಕಿವಿ ತಪಾಸಣೆಗಾಗಿ ಕರೆದುಕೊಂಡು ಹೋಗಿದ್ದೆ. ಅಲ್ಲಿ ನಾನು ಕಂಡದ್ದು ಶ್ರವಣತಜ್ಞರನ್ನು ಮತ್ತು ಮಾತಿನ ಚಿಕಿತ್ಸಕರನ್ನು ಮಾತ್ರ. ಸಂಶೋಧನೆಯ ಕೋಣೆಯೊಳಗೆ ಯಾರು ಯಾರು ಇರುತ್ತಾರೆ, ಅವರ ನಡುವೆ ಎಂಜಿನಿಯರಿಂಗ್ ಓದಿದವಳು ಹೊರಗಿನವಳಾಗಿಯೇ ಉಳಿದುಬಿಡುತ್ತಾಳೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಶ್ರವಣವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ, ಮೈಸೂರು:
ನಮಸ್ಕಾರ ಮೇಷ್ಟ್ರೇ. ನಾನು ಇಂಥದೇ ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಪ್ರಯೋಗವನ್ನು ರೂಪಿಸುವುದು, ಅನುದಾನಕ್ಕೆ ಬರೆಯುವುದು, ನೈತಿಕ ಸಮಿತಿಯ ಒಪ್ಪಿಗೆ ಪಡೆಯುವುದು ನಮ್ಮ ಪ್ರಾಧ್ಯಾಪಕರ ಹೊಣೆ. ದಿನನಿತ್ಯದ ಕೆಲಸವೆಲ್ಲ ಸಂಶೋಧನಾ ವಿದ್ಯಾರ್ಥಿಗಳ ಮತ್ತು ಪ್ರಾಜೆಕ್ಟ್ ಸಹಾಯಕರ ಮೇಲೆ ಬೀಳುತ್ತದೆ.

ಆ ಕೆಲಸದ ಹೆಚ್ಚಿನ ಪಾಲು ಯಂತ್ರದ ಮುಂದೆ ನಡೆಯುವುದಿಲ್ಲ, ಬಂದವರ ಮುಂದೆ ನಡೆಯುತ್ತದೆ. ಮಿದುಳಿನ ವಿದ್ಯುತ್ ಸಂಕೇತವನ್ನು ದಾಖಲಿಸಲು ನೆತ್ತಿಯ ಮೇಲೆ ಇಲೆಕ್ಟ್ರೋಡುಗಳನ್ನು, ಎಂದರೆ ಆ ಸಂಕೇತವನ್ನು ಹಿಡಿಯುವ ತಂತಿಯ ತುದಿಗಳನ್ನು, ಕೂರಿಸಬೇಕು. ಚರ್ಮಕ್ಕೂ ಇಲೆಕ್ಟ್ರೋಡಿಗೂ ನಡುವಿನ ವಿದ್ಯುತ್ ತಡೆಯನ್ನು ಸಾಮಾನ್ಯವಾಗಿ 5 ಕಿಲೋಓಮ್‌ಗಿಂತ ಕೆಳಕ್ಕೆ ತರಬೇಕು, ಎಣ್ಣೆ ಇದ್ದರೆ ಅದು ಕಷ್ಟ. ಕೊಬ್ಬರಿ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಮಲ್ಲಿಗೆ ಮುಡಿದು ಬರುವ ಹೆಂಗಸರಿಗೆ ಹಿಂದಿನ ದಿನವೇ ಫೋನ್ ಮಾಡಿ, ತಲೆಗೆ ಸ್ನಾನ ಮಾಡಿಕೊಂಡು ಎಣ್ಣೆ ಹಚ್ಚದೆ ಬರುವಂತೆ ಕೇಳಿಕೊಳ್ಳುತ್ತೇವೆ. ಕೆ.ಆರ್. ಪೇಟೆ ಕಡೆಯ ಅಜ್ಜಿಯೊಬ್ಬರು ತಂತಿಗಳನ್ನು ಕಂಡವರೇ “ಕರೆಂಟು ಹೊಡೀತದಾ ಮಗಾ?” ಎಂದು ಕೇಳಿದ್ದರು. ಈ ತಂತಿ ನಿಮ್ಮ ತಲೆಗೆ ಏನನ್ನೂ ಕಳಿಸುವುದಿಲ್ಲ, ತಲೆಯಿಂದ ಬರುವುದನ್ನು ಮಾತ್ರ ಅಳೆಯುತ್ತದೆ ಎಂದು ಅವರಿಗೆ ನಿಧಾನವಾಗಿ ತಿಳಿಸಿ ಹೇಳಿದವಳು ನಮ್ಮ ಪ್ರಾಜೆಕ್ಟ್ ಸಹಾಯಕಿ. ಹೆದರಿದವರು ದವಡೆ ಬಿಗಿಹಿಡಿಯುತ್ತಾರೆ. ದವಡೆಯ ಸ್ನಾಯುವಿನ ವಿದ್ಯುತ್ತಿನಲ್ಲಿ ಮಿದುಳಿನ ಸಂಕೇತ ಮುಳುಗಿಹೋಗುತ್ತದೆ. ಆದ್ದರಿಂದ ಅವರ ಭಯ ಬಿಡಿಸುವುದನ್ನು ಬರಿಯ ಸೌಜನ್ಯವೆಂದು ನಾನು ತಿಳಿದಿಲ್ಲ. ಅಳತೆ ಶುರುವಾಗುವುದೇ ಅಲ್ಲಿಂದ.

ಪ್ರಯೋಗಾಲಯದ ಎಂಜಿನಿಯರ್:
ನಿಮ್ಮ ಮಗಳು ಹೊರಗಿನವಳಾಗುವುದಿಲ್ಲ ಸರ್, ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕಿವಿಗೆ ‘ಟಿಕ್’ ಎಂಬ ಸದ್ದು ಬಿದ್ದ ಮೇಲೆ 10 ಮಿಲಿಸೆಕೆಂಡುಗಳ ಒಳಗೆ ಶ್ರವಣನರ ಮತ್ತು ಮಿದುಳಕಾಂಡದಿಂದ ಸಣ್ಣ ಸಣ್ಣ ಅಲೆಗಳು ಹೊರಡುತ್ತವೆ. ಜ್ಯುವೆಟ್ ಮತ್ತು ವಿಲ್ಲಿಸ್ಟನ್ ಎಂಬವರು 1971ರಲ್ಲಿ ಇವನ್ನು ಸ್ಪಷ್ಟವಾಗಿ ವರ್ಣಿಸಿದರು. ಇವುಗಳ ಎತ್ತರ ಸಾಮಾನ್ಯವಾಗಿ ಒಂದು ಮೈಕ್ರೋವೋಲ್ಟಿಗಿಂತ ಕಡಿಮೆ, ಸುತ್ತಲಿನ ಮಿದುಳಿನ ಚಟುವಟಿಕೆಯಾದರೋ ಹತ್ತಾರು ಮೈಕ್ರೋವೋಲ್ಟ್. ಅದೇ ಸದ್ದನ್ನು 2000 ಸಲ ಕೇಳಿಸಿ ಸರಾಸರಿ ತೆಗೆದರೆ ಆ ಸುತ್ತಲಿನ ಚಟುವಟಿಕೆಯ ಗದ್ದಲ 2000ದ ವರ್ಗಮೂಲದಷ್ಟು, ಎಂದರೆ ಸುಮಾರು 45 ಪಟ್ಟು ಇಳಿದು ಅಲೆ ಮೇಲೆ ಕಾಣಿಸಿಕೊಳ್ಳುತ್ತದೆ. ಗೋಡೆಯೊಳಗಿನ ವೈರುಗಳಿಂದ ಬರುವ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನು ಅರ್ಥಿಂಗ್ ಸರಿಪಡಿಸಿ ತಡೆಯುವುದೂ ನಮ್ಮ ಕೆಲಸವೇ.

ಇಲ್ಲಿ ಕಾಲದ ಲೆಕ್ಕ ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಜೋರಾದ ಸದ್ದಿಗೆ ಐದನೆಯ ಅಲೆ ಸುಮಾರು 5.5ರಿಂದ 6 ಮಿಲಿಸೆಕೆಂಡಿಗೆ ಬರುತ್ತದೆ. ಕಿವಿಯೊಳಗೆ ಇಡುವ ಇಯರ್‌ಫೋನಿನ ಕೊಳವೆಯನ್ನು ದಾಟಲು ಸದ್ದಿಗೇ 0.9 ಮಿಲಿಸೆಕೆಂಡಿನಷ್ಟು ಬೇಕು. ಹಿಂದೆ ನಾನಿದ್ದ ಒಂದು ಪ್ರಯೋಗಾಲಯದಲ್ಲಿ ಕಂಪ್ಯೂಟರಿನಿಂದ ಸದ್ದು ಹೊರಡಿಸುವ ಸೌಂಡ್ ಕಾರ್ಡಿನ ವಿಳಂಬವನ್ನು ಯಾರೂ ಅಳೆದಿರಲಿಲ್ಲ. ವಿದ್ಯುತ್ ಸಂಕೇತವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಹಚ್ಚಿ ನೋಡಿದಾಗ ಸದ್ದು ಹೊರಡುವ ಮೊದಲೇ ‘ಸದ್ದು ಹೊರಟಿತು’ ಎಂಬ ಗುರುತು ದಾಖಲಾಗುತ್ತಿತ್ತು, ಅದೂ ಪ್ರತಿ ಸಲ ಬೇರೆ ಬೇರೆ ಅಂತರದಲ್ಲಿ. ಒಂದು ತಿಂಗಳ ದಾಖಲೆಗಳನ್ನು ಕೈಬಿಡಬೇಕಾಯಿತು. ತಮ್ಮ ಸಮಯ ಕೊಟ್ಟು ಬಂದು ಕೂತಿದ್ದವರನ್ನು ನೆನೆದರೆ ನನಗೆ ಇಂದಿಗೂ ನೋವಾಗುತ್ತದೆ.

ಭಾಷಾವಿಜ್ಞಾನದ ಅಧ್ಯಾಪಕಿ:
ಒಂದು ಮಾತು ಸೇರಿಸುತ್ತೇನೆ, ಇದು ಮಂಡ್ಯದ ಹುಡುಗಿಯ ವಿಷಯವಾದ್ದರಿಂದ ಮುಖ್ಯವೆನಿಸಿತು. ಒಂದೇ ಧ್ವನಿ ಮತ್ತೆ ಮತ್ತೆ ಬರುತ್ತಿರುವಾಗ ನಡುವೆ ಬೇರೊಂದು ಧ್ವನಿ ಬಂದರೆ, ಕೇಳುವವರು ಗಮನ ಕೊಡದಿದ್ದರೂ ಮಿದುಳು ಅದನ್ನು ಗುರುತಿಸುತ್ತದೆ. ಫಿನ್‌ಲೆಂಡಿನ ರಿಸ್ಟೊ ನಾಟಾನೆನ್ ಮತ್ತು ಸಂಗಡಿಗರು 1978ರಲ್ಲಿ ತೋರಿಸಿದ ಈ ಪ್ರತಿಕ್ರಿಯೆಗೆ ಮಿಸ್‌ಮ್ಯಾಚ್ ನೆಗೆಟಿವಿಟಿ ಎಂದು ಹೆಸರು. ಕನ್ನಡದಲ್ಲಿ ಇದನ್ನು ಪರೀಕ್ಷಿಸಲು ‘ದನ’ ಮತ್ತು ‘ಧನ’ ಎಂಬ ಜೋಡಿಯನ್ನು ಆರಿಸಿದಿರಿ ಎನ್ನೋಣ. ಪುಸ್ತಕದಲ್ಲಿ ಅವು ಬೇರೆ, ಆದರೆ ಹಳ್ಳಿಯ ದಿನಬಳಕೆಯ ಮಾತಿನಲ್ಲಿ ಮಹಾಪ್ರಾಣ ಉಳಿಯುವುದೇ ಅಪರೂಪ. ಆ ವ್ಯತ್ಯಾಸವನ್ನು ಹಿಡಿಯದವರ ಕಿವಿಯಲ್ಲಿ ದೋಷವಿದೆ ಎಂದುಕೊಂಡರೆ ಅದು ಅವರಿಗೆ ಮಾಡುವ ಅನ್ಯಾಯ. ‘ಹಾಲು’ ಮತ್ತು ‘ಹಾಳು’ ಎಷ್ಟೋ ಉತ್ತಮ ಜೋಡಿ. ಅಲ್ಲಿಯೂ ‘ಆಲು’ ಎನ್ನುವವರಿಗೆ ಹಕಾರ ಎಷ್ಟು ಮುಖ್ಯ ಎಂದು ಮೊದಲೇ ಯೋಚಿಸಬೇಕು. ಧ್ವನಿಮುದ್ರಣಕ್ಕೆ ಪದ ಆರಿಸುವ ದಿನ ಆ ಊರಿನ ಮಾತು ಕೇಳಿ ಬೆಳೆದವರೊಬ್ಬರು ಕೋಣೆಯಲ್ಲಿ ಇರಬೇಕೆಂದು ನಾನು ಯಾವಾಗಲೂ ಒತ್ತಾಯಿಸುತ್ತೇನೆ.

ಮಂಡ್ಯದ ಶಿಕ್ಷಕ:
ಮೂವರಿಗೂ ನನ್ನ ಕೃತಜ್ಞತೆಗಳು. ಮಗಳಿಗೆ ಎಲ್ಲವನ್ನೂ ಓದಿಸಿದೆ. ಸಂಬಳ ಮತ್ತು ಅವಧಿಯ ಬಗ್ಗೆಯೂ ಒಂದು ಮಾತು ತಿಳಿಸಿದರೆ ಉಪಕಾರವಾದೀತು.

ಶ್ರವಣವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ:
ಮೇಷ್ಟ್ರೇ, ಹುದ್ದೆ ಗುತ್ತಿಗೆಯದು. ಯೋಜನೆ ಮುಗಿದಾಗ ಅದೂ ಮುಗಿಯುತ್ತದೆ. ಸಂಬಳ ಆ ಯೋಜನೆಯ ಮಂಜೂರಾತಿ ಆದೇಶದಲ್ಲಿರುವಷ್ಟೇ. ಕೇಂದ್ರದ ವಿಜ್ಞಾನ ಇಲಾಖೆಗಳ ಯೋಜನೆಯಲ್ಲಿ ಗೇಟ್ ಅಥವಾ ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯ ಅರ್ಹತೆಯೊಂದಿಗೆ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೊ) ಆಗಿ ಆಯ್ಕೆಯಾದರೆ, 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ ಇರುತ್ತದೆ. ಆದ್ದರಿಂದ ಈ ವರ್ಷವೇ ಗೇಟ್ ಬರೆಯಲು ಹೇಳಿ. ಸೇರುವ ಮೊದಲು ಒಂದು ದಿನ ಪ್ರಾಧ್ಯಾಪಕರ ಅನುಮತಿ ಪಡೆದು, ಒಂದು ಪ್ರಯೋಗ ಮೊದಲಿನಿಂದ ಕೊನೆಯವರೆಗೆ ಹೇಗೆ ನಡೆಯುತ್ತದೆ ಎಂದು ಕೂತು ನೋಡಲಿ. ಸಾಧ್ಯವಾದರೆ ಇಲೆಕ್ಟ್ರೋಡುಗಳನ್ನು ಮೊದಲು ತನ್ನ ತಲೆಗೇ ಹಾಕಿಸಿಕೊಳ್ಳಲಿ. ನಾವೆಲ್ಲರೂ ಹಾಗೆಯೇ ಕಲಿತದ್ದು.